ಹಗ್ಗ ಹಿಡಿಯುವವರು

ಬೆಳಿಗ್ಗೆ ಪ್ರಯೋಗಾಲಯದ ಬೀಗ ತೆಗೆಯುವವನು ನಾನು.
ಗಾಂವ್ಕರ್ ಮೇಡಂ ಬರುವಷ್ಟರಲ್ಲಿ ಕಂಪೌಂಡಿನ ಬುಡದಲ್ಲಿ
ಯಾರೂ ನೆಡದೆ ಹುಟ್ಟಿದ ಕಾಶಿಕಣಗಿಲೆಯ
ನಾಲ್ಕು ಹೂ ಕಿತ್ತು ತಟ್ಟೆಯಲ್ಲಿಟ್ಟಿರಬೇಕು.
ಸಕ್ಕರೆ ತೂಗಬೇಕು. ಬೋರಿಕ್ ಆಸಿಡ್ ಚಿಟಿಕೆಗಿಂತ ಕಡಿಮೆ.
ಗಾಜಿನ ಮೇಲೊಂದು ಹನಿ, ಹನಿಯೊಳಗೆ ಪರಾಗದ ಪುಡಿ,
ಆಮೇಲೆ ಕಾಯುವುದು.
ಕಾಯುವುದು ನನಗೆ ಹೊಸದಲ್ಲ, ಬೈತಖೋಲದವನು.

ತಾಸೊಂದು ಕಳೆದರೆ ಕಾಳಿನ ಪಕ್ಕೆ ಸೀಳಿ
ಒಂದು ಕೊಳವೆ ಹೊರಡುತ್ತದೆ.
ತುದಿಯಲ್ಲಿ ಮಾತ್ರ ಬೆಳೆಯುತ್ತದೆ, ಬೇರೆಲ್ಲೂ ಅಲ್ಲ.
ಒಳಗೆ ಕಾಳಿ ನದಿಯ ಅಳಿವೆಯ ಹಾಗೆ
ಬದಿಯಲ್ಲೊಂದು ಹರಿವು ಹೋಗುತ್ತದೆ, ನಡುವಿನಲ್ಲೊಂದು ಮರಳುತ್ತದೆ.
"ಚೀಲಗಳು ಕಾಣುವುದಿಲ್ಲ," ಅನ್ನುತ್ತಾರೆ ಮೇಡಂ,
"ನೀವು ನೋಡುತ್ತಿರುವುದು ಬರೀ ಸಂತೆಯ ಗದ್ದಲ."
ಕಾಣದ ಆ ಚೀಲಗಳಲ್ಲಿ ಗೋಡೆಯ ಸಾಮಾನು.
ತುದಿಗೆ ಬರುತ್ತವೆ, ಆದರೆ ತಾವಾಗಿ ತಾಗುವುದಿಲ್ಲ.
ಯಾರಾದರೂ ಹಿಡಿಯಬೇಕು. ಹಿಡಿಯುವವರು ಎಂಟು.

ಬಾಗಿಲ ಹೊರಗೆ ಸ್ಟೂಲಿನ ಮೇಲೆ ಕೂತು
ಎಂಟೂ ಹೆಸರು ಬಾಯಿಪಾಠ ಮಾಡಿದ್ದೇನೆ:
ಸೆಕ್ ಮೂರು, ಐದು, ಆರು, ಎಂಟು, ಹತ್ತು, ಹದಿನೈದು,
ಎಕ್ಸೋ ಎಪ್ಪತ್ತು, ಎಕ್ಸೋ ಎಂಬತ್ನಾಲ್ಕು.
ಬೋಟಿನ ಮೂತಿಗೆ ಬರೆದ ನಂಬರಿನ ಹಾಗಿವೆ.
ನಡುವಿನ ನಾಲ್ಕು, ಏಳು ಎಲ್ಲಿ ಹೋದವೆಂದು
ನಾನು ಕೇಳಲಿಲ್ಲ. ನಮ್ಮ ಕಡೆ
ಕೇಳುವ ಪದ್ಧತಿಯಿಲ್ಲ.

ಅಪ್ಪ, ಧಾಕು ಹರಿಕಂತ್ರ, ಕಡಲಿಗೆ ಹೋದವನಲ್ಲ.
ಎಡಗಾಲು ಸಣ್ಣ. ಧಕ್ಕೆಯ ಮೇಲೆ ನಿಂತು
ಬಂದ ಬೋಟಿನ ಹಗ್ಗ ಹಿಡಿಯುತ್ತಿದ್ದ,
ಒಂದು ಬೋಟಿಗೆ ಒಂದು ಬೊಗಸೆ ಬಂಗಡೆ.
ಬೋಟಿಗೂ ಕಲ್ಲಿಗೂ ನಡುವೆ ಎರಡು ಮೊಳ ನೀರು,
ಕಪ್ಪಗೆ, ಡೀಸೆಲ್ಲಿನ ಕಾಮನಬಿಲ್ಲು ಹೊದ್ದು.
"ಧರ್ ರೇ ಧಾಕು!" ಅಂತ ಕೂಗು,
ಗಾಳಿಯಲ್ಲಿ ಬಿಚ್ಚಿಕೊಳ್ಳುವ ಹಗ್ಗ,
ಅವನ ಅಂಗೈ.
ಆ ಎರಡು ಮೊಳವೇ ಅವನ ಉದ್ಯೋಗ.

ಚಿತ್ತಾಕುಲದಿಂದ ಬರುವ ಝುಲೇಖಾ ಕೇಳಿದಳು,
"ಎಂಟರಲ್ಲಿ ಒಂದು ಇಲ್ಲದಿದ್ದರೆ, ಮೇಡಂ?"
ಮೇಡಂ ಗೋಡೆಗೆ ಒಂದು ಚಿತ್ರ ಬಿಟ್ಟರು.
ಕಾಳು ಇದೆ, ದುಂಡಗೆ, ಆರೋಗ್ಯವಾಗಿಯೇ.
ಕೊಳವೆ ಮಾತ್ರ ಹೊರಡಲಿಲ್ಲ.
ಎಪ್ಪತ್ತನೆಯವನಿಗಾದರೆ ಗಿಡಗಳಲ್ಲಿ
ಇಪ್ಪತ್ತು ಚಿಲ್ಲರೆ ಅಣ್ಣತಮ್ಮಂದಿರಂತೆ,
ಒಬ್ಬ ಮಲಗಿದರೆ ಇನ್ನೊಬ್ಬ ಏಳುತ್ತಾನೆ.
ಎಂಟನೆಯವನು ಒಬ್ಬನೇ.

ಅಪ್ಪ ಜ್ವರದಲ್ಲಿ ಮಲಗಿದ ವಾರ
ಬೋಟುಗಳು ಬಂದವು. ಯಾರೋ ಹಗ್ಗ ಹಿಡಿದರು.
ಅದನ್ನು ಹೇಳಿದ್ದು ನಾನೇ. ಹೇಳಬಾರದಿತ್ತು.
ಗೋಡೆ ಕಡೆ ತಿರುಗಿ ಮಲಗಿದ.

ಹಿಡಿದ ಮೇಲಿನದು ಬೇರೆ ಕೆಲಸ.
ಚೀಲದ ಮೈಯ ಎಳೆ, ದಡದ ಮೈಯ ಎಳೆ
ಒಂದಕ್ಕೊಂದು ಹೆಣೆದುಕೊಂಡು, ಹೊಸೆದುಕೊಂಡು
ಎರಡೂ ಮೈಯನ್ನು ಎಳೆದು ತರುತ್ತವೆ.
ಇಲ್ಲಿಯವರೆಗೆ ಎಲ್ಲ ನನಗೆ ಗೊತ್ತಿದ್ದದ್ದೇ.
ಆಮೇಲೆ ಮೇಡಂ ಅಂದದ್ದಕ್ಕೆ
ಸ್ಟೂಲಿನಿಂದ ಎದ್ದು ಬಾಗಿಲ ಸಂದಿಗೆ ಬಂದೆ.
ಚೀಲ ಖಾಲಿಯಾಗಿ ಹಿಂದೆ ಹೋಗುವುದಿಲ್ಲವಂತೆ.
ಒಡೆದು, ಹಾಸಿಕೊಂಡು, ದಡವೇ ಆಗುತ್ತದಂತೆ.
ಬಂದ ದೋಣಿ ಧಕ್ಕೆಗೆ ಹಲಗೆಯಾಗಿ
ಧಕ್ಕೆ ಅಷ್ಟು ಮುಂದೆ,
ಮತ್ತೊಂದು ದೋಣಿ, ಮತ್ತಷ್ಟು ಮುಂದೆ,
ಹೂವಿನ ಕೊರಳಿನ ಕತ್ತಲಲ್ಲಿ, ಬೀಜದ ಕಡೆಗೆ.

ಸಂಜೆ ಗಾಜುಗಳನ್ನು ತೊಳೆದೆ.
ಕೊಳವೆಗಳೆಲ್ಲ ನಲ್ಲಿಯ ಕೆಳಗೆ, ಸಕ್ಕರೆಯ ಅಂಟಿನೊಂದಿಗೆ.
ಇಷ್ಟು ದಿನ ಕೈ ನಡುಗಿರಲಿಲ್ಲ.

ನಮ್ಮ ಮನೆಯ ಹಿಂಬಾಗಿಲು
ಒಡೆದ ದೋಣಿಯೊಂದರ ಹಲಗೆ. ಅಪ್ಪ ಹೊತ್ತು ತಂದದ್ದು,
ಯಾರ ದೋಣಿ ಎಂದು ಹೇಳಲಿಲ್ಲ.
ಮಳೆಗಾಲದಲ್ಲಿ ಉಬ್ಬುತ್ತದೆ, ಚೌಕಟ್ಟಿಗೆ ಕಚ್ಚಿಕೊಂಡು
ಯಾರು ನೂಕಿದರೂ ಅಲ್ಲಾಡುವುದಿಲ್ಲ.
ಉಪ್ಪು ಇನ್ನೂ ಬಿಡುತ್ತದೆ, ಬಿಳಿಯಾಗಿ, ಬೆರಳಿಗೆ ಹತ್ತುವಷ್ಟು.
ನೆಕ್ಕಿ ನೋಡಿದೆ.